ಮೂಗಿನ ಉಸಿರಿಗೆ ‘ನಾರ್ಮಲ್’ ಎಷ್ಟು?

ಬಿಪಿ ಅಂದರೆ 120/80 ಎಂದು ಎಲ್ಲರೂ ಥಟ್ಟನೆ ಹೇಳುತ್ತಾರೆ. ಮೂಗಿನಲ್ಲಿ ಎಷ್ಟು ಗಾಳಿ ಆಡಿದರೆ ಸರಿ ಎಂದು ಕೇಳಿ ನೋಡಿ, ಉತ್ತರ ಅಷ್ಟು ಸಲೀಸಾಗಿ ಬರುವುದಿಲ್ಲ. ಯಂತ್ರ ಇಲ್ಲ ಅಂತಲ್ಲ. ಮೂಗೇ ಒಂದು ಹದದಲ್ಲಿ ನಿಲ್ಲುವುದಿಲ್ಲ.

ಅಳೆಯುವ ಕೆಲಸ ಶುರುವಾಗಿದ್ದು ಕನ್ನಡಿಯಿಂದ. 19ನೇ ಶತಮಾನದ ಕೊನೆಯಲ್ಲಿ ನೆದರ್‌ಲ್ಯಾಂಡ್ಸ್‌ನ ಜ್ವಾರ್ಡೆಮಾಕರ್ ತಣ್ಣನೆಯ ಕನ್ನಡಿಯನ್ನು ಮೂಗಿನ ಕೆಳಗೆ ಹಿಡಿದರು. ಉಸಿರು ಬಿಟ್ಟರೆ ಎರಡು ಮಂಜಿನ ಕಲೆ ಮೂಡುತ್ತವೆ. ಚಿಕ್ಕ ಕಲೆ ಇರುವ ಕಡೆ ಹೊಳ್ಳೆ ಕಟ್ಟಿದೆ ಎಂದು ಲೆಕ್ಕ. ಆದರೆ ಕೆಲವು ಗಂಟೆ ಬಿಟ್ಟು ಮತ್ತೆ ಹಿಡಿದರೆ ಕಲೆಗಳು ಅದಲುಬದಲಾಗಿರಬಹುದು! ಏಕೆಂದು 1895ರಲ್ಲಿ ಜರ್ಮನಿಯ ರಿಚರ್ಡ್ ಕೈಸರ್ ಬರೆದರು. ಮೂಗಿನ ಒಳಪದರ ಒಂದು ಕಡೆ ಊದಿದಾಗ ಇನ್ನೊಂದು ಕಡೆ ಇಳಿಯುತ್ತದೆ, ಆಮೇಲೆ ಸರದಿ ಬದಲಾಗುತ್ತದೆ. ನಮ್ಮಲ್ಲಿ ಸ್ವರ, ಅಂದರೆ ಯಾವ ಹೊಳ್ಳೆಯಲ್ಲಿ ಉಸಿರಾಡುತ್ತಿದೆ ಎಂದು ನೋಡುವವರು ಎಡಕ್ಕೆ ಇಡಾ, ಬಲಕ್ಕೆ ಪಿಂಗಳಾ ಎಂದು ಇದನ್ನೇ ಅಲ್ವಾ ಹೇಳುತ್ತಿದ್ದುದು? ಅವರು ಅಳೆಯಲು ಹೋಗಲಿಲ್ಲ, ಅಷ್ಟೆ.

ಹಾಗಾಗಿ ಒಂದೇ ಹೊಳ್ಳೆಯ ಅಂಕಿಯನ್ನು ನೆಚ್ಚಿ ಕೂರುವಂತಿಲ್ಲ. ಮುಂದೆ ರೈನೋಮ್ಯಾನೋಮೆಟ್ರಿ ಬಂತು. ಒಂದು ಹೊಳ್ಳೆಗೆ ಸಣ್ಣ ನಳಿಗೆ ಇಟ್ಟು ಟೇಪು ಹಚ್ಚಿ ಒತ್ತಡ ನೋಡುತ್ತಾರೆ. ಮುಖಕ್ಕೆ ಮಾಸ್ಕ್ ಹಾಕಿ ಇನ್ನೊಂದು ಹೊಳ್ಳೆಯ ಗಾಳಿ ಅಳೆಯುತ್ತಾರೆ. ಆಮೇಲೆ ಹೊಳ್ಳೆ ಬದಲಿಸುತ್ತಾರೆ. ಎಷ್ಟು ಒತ್ತಡದಲ್ಲಿ ಅಳೆಯಬೇಕು? ಒಬ್ಬೊಬ್ಬರದು ಒಂದೊಂದು ಪದ್ಧತಿಯಾದರೆ ಹೋಲಿಸುವುದು ಹೇಗೆ? 1984ರಲ್ಲಿ ಅಂತರರಾಷ್ಟ್ರೀಯ ಸಮಿತಿಯೊಂದು 150 ಪಾಸ್ಕಲ್ ಎಂದು ಗೊತ್ತುಮಾಡಿತು. ಒಂದೂವರೆ ಸೆಂಟಿಮೀಟರ್ ನೀರಿನ ಒತ್ತಡ, ಹೆಚ್ಚೇನಲ್ಲ. ಆರೋಗ್ಯವಂತ ದೊಡ್ಡವರಲ್ಲಿ ಎರಡೂ ಹೊಳ್ಳೆ ಸೇರಿ ಗಾಳಿಗೆ ಒಡ್ಡುವ ತಡೆ, ಅಂದರೆ ಒತ್ತಡವನ್ನು ಸೆಕೆಂಡಿಗೆ ಹರಿಯುವ ಗಾಳಿಯಿಂದ ಭಾಗಿಸಿದ್ದು, ಸುಮಾರು 0.25 ಎನ್ನುವುದು ಈ ಅಳತೆಯಲ್ಲೇ. ಅಂದರೆ ಅಷ್ಟು ಒತ್ತಡಕ್ಕೆ ಸೆಕೆಂಡಿಗೆ 600 ಮಿಲಿಲೀಟರ್ ಗಾಳಿ.

ಇಷ್ಟೆಲ್ಲ ಯಂತ್ರ ಬೇಡ ಎನ್ನುವವರಿಗೆ ಇನ್ನೊಂದು ದಾರಿಯಿದೆ. ಮಾಸ್ಕ್ ಹಿಡಿದು, ಬಾಯಿ ಮುಚ್ಚಿ, ಮೂಗಿನಿಂದ ಜೋರಾಗಿ ಎಳೆಯುವುದು. 2006ರಲ್ಲಿ ಒಟ್ಟಾವಿಯಾನೊ ತಂಡ 137 ಆರೋಗ್ಯವಂತರನ್ನು ಹೀಗೆ ಪರೀಕ್ಷಿಸಿತು. ಆ ಎಳೆತದ ಗರಿಷ್ಠ ವೇಗ ಗಂಡಸರಲ್ಲಿ ಸರಾಸರಿ ನಿಮಿಷಕ್ಕೆ 143 ಲೀಟರ್, ಹೆಂಗಸರದು ಸುಮಾರು 122. ಕೇಳಲು ಚೆಂದ. ಆದರೆ ಗಂಡಸರಲ್ಲಿ ಸರಾಸರಿಗಿಂತ 50 ಲೀಟರ್ ಜಾಸ್ತಿಯೋ ಕಡಿಮೆಯೋ ಬಂದವರೂ ಆರೋಗ್ಯವಂತರೇ! ನನ್ನ ಕೇಳಿದರೆ, ಇಲ್ಲಿ ಸರಾಸರಿಗಿಂತ ಈ ಅಂತರವೇ ಮುಖ್ಯ.

ಇನ್ನೂ ಒಂದು ತೊಡಕಿದೆ. ಮೆಂಥಾಲ್ ಮೂಸಿದರೆ ಮೂಗು ಬಿಟ್ಟಂತೆ ಅನಿಸುತ್ತದೆ. ಬ್ರಿಟನ್ನಿನ ಕಾರ್ಡಿಫ್‌ನ ಸಂಶೋಧಕ ರಾನ್ ಎಕಲ್ಸ್ ಅಳೆದು ನೋಡಿದರೆ ತಡೆ ಇಳಿದೇ ಇರಲಿಲ್ಲ. ತಣ್ಣಗೆ ಅನಿಸಿದ್ದಕ್ಕೇ ಗಾಳಿ ಆಡಿದಂತೆ ತೋರುತ್ತದೆ. ಅದಕ್ಕೇ ಡಾಕ್ಟರು ಪಟ್ಟಿಯ ಅಂಕಿಯೊಂದನ್ನೇ ನೋಡದೆ, ಊತ ಇಳಿಸುವ ಔಷಧ ಹಾಕುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅಳೆಯುತ್ತಾರೆ. ಔಷಧಕ್ಕೆ ತಡೆ ಇಳಿದರೆ ತೊಂದರೆ ಒಳಪದರದ್ದು. ಇಳಿಯದಿದ್ದರೆ ಮೂಳೆಯೋ ಮೃದ್ವಸ್ಥಿಯೋ ಸೊಟ್ಟಗಿದೆಯಾ ಎಂದು ನೋಡುತ್ತಾರೆ.