‘ಕೆನಡಾದ ಅನುಭವ ಇದೆಯಾ?’: ಆ ಪ್ರಶ್ನೆ ಬಂದ ದಾರಿ

ಕೆನಡಾದಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ ವಲಸಿಗರು ವರ್ಷಾನುಗಟ್ಟಲೆ ಕೇಳಿಸಿಕೊಂಡ ಪ್ರಶ್ನೆ ಇದು. ಬೆಂಗಳೂರಿನಲ್ಲಿ ಹತ್ತು ವರ್ಷ ದುಡಿದ ಎಂಜಿನಿಯರಿಗೂ ಅದರಿಂದ ವಿನಾಯಿತಿ ಇರಲಿಲ್ಲ. ಒಂಟಾರಿಯೋ ಪ್ರಾಂತ್ಯ ಈಗ ಇದಕ್ಕೆ ಕಾನೂನಿನ ತಡೆ ಹಾಕಿದೆ. ಆದರೆ ಕತೆ ಹಳೆಯದು.

1908ರಲ್ಲಿ ಒಂದು ನಿಯಮ ಬಂತು. ವಲಸಿಗರು ಸ್ವದೇಶದಲ್ಲೇ ಟಿಕೆಟ್ ತೆಗೆದು, ನಡುವೆ ಪ್ರಯಾಣ ಮುರಿಯದೆ ಬರಬೇಕು. ಅದರಲ್ಲಿ ಭಾರತದ ಹೆಸರೇ ಇರಲಿಲ್ಲ. ಆದರೆ ಭಾರತದಿಂದ ಹಾಗೆ ಬರುವ ದಾರಿಯೇ ಇರಲಿಲ್ಲ! 1914ರಲ್ಲಿ 376 ಭಾರತೀಯರನ್ನು ಹೊತ್ತು ಕೆನಡಾದ ವ್ಯಾಂಕೂವರ್ ತಲುಪಿದ ಕೊಮಗಾಟ ಮಾರು ಹಡಗು ಎರಡು ತಿಂಗಳು ಕಾದು ವಾಪಸಾಯಿತು. ಇಳಿಯಲು ಬಿಟ್ಟಿದ್ದು ಬೆರಳೆಣಿಕೆಯ ಜನರನ್ನು. 1947ರಲ್ಲಿ ಅಲ್ಲಿನ ಭಾರತೀಯರಿಗೆ ಮತದ ಹಕ್ಕು ಸಿಕ್ಕಿತು, 1962ರಲ್ಲಿ ವಲಸೆ ನಿಯಮಗಳಿಂದ ಜನಾಂಗದ ಅಡ್ಡಿ ಬಹುಮಟ್ಟಿಗೆ ಹೋಯಿತು, 1967ರಲ್ಲಿ ಅಂಕ ಪದ್ಧತಿ ಬಂತು.

ಓದು, ಕೆಲಸದ ಅನುಭವ, ಭಾಷೆ, ವಯಸ್ಸು, ಎಲ್ಲಕ್ಕೂ ಅಂಕ. ನಮ್ಮವರಿಗೆ ಬಾಗಿಲು ತೆರೆದದ್ದು ಇಲ್ಲಿಂದ. ತೊಡಕು ಶುರುವಾದದ್ದೂ ಇಲ್ಲಿಂದಲೇ. ವೀಸಾ ಕೊಡುವಾಗ ಅಂಕ ತಂದುಕೊಟ್ಟ ಪದವಿ, ವಿಮಾನ ಇಳಿದ ಮೇಲೆ ಕೆಲಸದಾತರಿಗೆ ಸಾಲದಾಯಿತು. ಎಂಜಿನಿಯರ್ ಪರವಾನಗಿ ಬೇಕಾದರೆ ಒಂದು ವರ್ಷ ಕೆನಡಾದಲ್ಲೇ ದುಡಿದಿರಬೇಕಿತ್ತು. ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ. ಹೀಗಾಗಿ ಎಂಜಿನಿಯರುಗಳು ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತರು, ಟ್ಯಾಕ್ಸಿ ಓಡಿಸಿದರು. ಬಾಡಿಗೆ ಕಟ್ಟಬೇಕಲ್ವಾ? ಕೆಲವು ವರ್ಷ ಹೀಗೆ ಕಳೆದರೆ ಹಳೆಯ ಅನುಭವಕ್ಕೂ ಬೆಲೆ ಇಳಿಯುತ್ತದೆ.

ಇದು ಬರೀ ಕೌಶಲದ ಮಾತಾಗಿರಲಿಲ್ಲ. ಟೊರೊಂಟೊದ ಸಂಶೋಧಕರೊಬ್ಬರು ಸಾವಿರಾರು ಕಾಲ್ಪನಿಕ ರೆಸ್ಯೂಮೆಗಳನ್ನು ಕಂಪನಿಗಳಿಗೆ ಕಳಿಸಿ ನೋಡಿದರು. ಓದು, ಅನುಭವ ಎಲ್ಲ ಕೆನಡಾದ್ದೇ ಆಗಿದ್ದರೂ ಭಾರತೀಯ, ಚೀನೀ ಹೆಸರಿದ್ದವರಿಗೆ ಕರೆ ಕಡಿಮೆ. ಇಂಗ್ಲಿಷ್ ಹೆಸರಿದ್ದವರಿಗೆ ಜಾಸ್ತಿ.

2013ರಲ್ಲಿ ಒಂಟಾರಿಯೋ ಮಾನವ ಹಕ್ಕುಗಳ ಆಯೋಗವು ಕೆನಡಾದ ಅನುಭವವನ್ನೇ ಕಡ್ಡಾಯ ಮಾಡುವುದು ಮೇಲ್ನೋಟಕ್ಕೇ ತಾರತಮ್ಯ ಎಂದಿತು. 2023ರಲ್ಲಿ ಒಂಟಾರಿಯೋದಲ್ಲಿ ಎಂಜಿನಿಯರಿಂಗ್ ಪರವಾನಗಿಗೆ ಆ ಷರತ್ತು ಹೋಯಿತು. ದಶಕವೇ ಬೇಕಾಯಿತು, ಅಷ್ಟರಲ್ಲಿ ಎಷ್ಟೋ ಜನ ತಮ್ಮ ವೃತ್ತಿಯನ್ನೇ ಬಿಟ್ಟಿದ್ದರು.

2026ರ ಜನವರಿ 1ರಿಂದ ಒಂಟಾರಿಯೋದಲ್ಲಿ ಸಾರ್ವಜನಿಕವಾಗಿ ಪ್ರಕಟಿಸುವ ಉದ್ಯೋಗ ಜಾಹೀರಾತಿನಲ್ಲಿ, ಅದರ ಅರ್ಜಿ ನಮೂನೆಯಲ್ಲಿ ಕೆನಡಾದ ಅನುಭವದ ಷರತ್ತು ಹಾಕುವಂತಿಲ್ಲ. 25ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳಿಗೆ ಇದು ಅನ್ವಯಿಸದು. ರೆಸ್ಯೂಮೆಯ ಮೇಲಿನ ಹೆಸರು ನೋಡಿಯೇ ಪಕ್ಕಕ್ಕಿಡುವ ಅಭ್ಯಾಸವನ್ನು ಈ ಹೊಸ ನಿಯಮ ಮುಟ್ಟುವುದಿಲ್ಲ. ಅಂಥ ತಾರತಮ್ಯದ ವಿರುದ್ಧ ಮಾನವ ಹಕ್ಕು ಕಾನೂನಿನಡಿ ದೂರು ಕೊಡಬಹುದು, ಆದರೆ ಯಾಕೆ ಕರೆ ಬರಲಿಲ್ಲ ಅನ್ನುವುದು ಅರ್ಜಿದಾರರಿಗೆ ತಿಳಿಯುವುದೇ ಅಪರೂಪ.