ಕಾಡು ಕೊಟ್ಟೆವು, ಕಾನೂನು ಕೊಡಲಿಲ್ಲ: ಕರ್ನಾಟಕದ ಟಿಬೆಟಿಯನ್ನರ ಆರು ದಶಕ

ಕುಶಾಲನಗರದಲ್ಲಿ ಆಟೋ ಹತ್ತಿ ‘ಕ್ಯಾಂಪಿಗೆ’ ಅಂದರೆ ಸಾಕು. ಡ್ರೈವರ್ ಕಾವೇರಿ ಸೇತುವೆ ದಾಟಿ ಬೈಲಕುಪ್ಪೆಯ ಕಡೆಗೆ ತಿರುಗಿಸುತ್ತಾರೆ. ಅಲ್ಲಿನ ಹಳ್ಳಿಗಳಿಗೆ ಜನ ನಂಬರಿನಲ್ಲೇ ಹೆಸರಿಟ್ಟಿದ್ದಾರೆ. ಒಂದನೇ ಕ್ಯಾಂಪ್, ನಾಲ್ಕನೇ ಕ್ಯಾಂಪ್. ಮುಸುಕಿನ ಜೋಳದ ಹೊಲಗಳು, ಗಾಳಿಗೆ ಪಟಪಟ ಎನ್ನುವ ಬಣ್ಣದ ಬಾವುಟಗಳು, ಕಡುಗೆಂಪು ಬಟ್ಟೆಯ ಭಿಕ್ಷುಗಳು. ಪ್ರವಾಸಿಗರು ಗೋಲ್ಡನ್ ಟೆಂಪಲ್ ನೋಡುತ್ತಾರೆ, ಮೊಮೊ ತಿನ್ನುತ್ತಾರೆ, ಹೊರಡುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸುವುದು ಆ ‘ಕ್ಯಾಂಪ್’ ಅನ್ನುವ ಮಾತು. ಕ್ಯಾಂಪ್ ಅಂದರೆ ನಾಲ್ಕು ದಿನ ಇದ್ದು ಹೋಗುವ ಜಾಗ ಅಲ್ವಾ? ಇಲ್ಲಿ ಅರವತ್ತು ವರ್ಷ ಕಳೆದಿದೆ. ಬಂದವರ ಮೊಮ್ಮಕ್ಕಳಿಗೂ ಮಕ್ಕಳಾಗಿವೆ. ಹೆಸರು ಮಾತ್ರ ಬದಲಾಗಿಲ್ಲ. ಅವರ ಕೈಯಲ್ಲಿರುವ ಕಾಗದಪತ್ರಗಳ ಕಥೆಯೂ ಹೆಚ್ಚುಕಡಿಮೆ ಹಾಗೆಯೇ ಇದೆ.

ಇದು ಶುರುವಾಗಿದ್ದು 1950ರಲ್ಲಿ. ಆ ವರ್ಷದ ಅಕ್ಟೋಬರ್‌ನಲ್ಲಿ ಚೀನಾದ ಸೇನೆ ಪೂರ್ವ ಟಿಬೆಟ್‌ಗೆ ನುಗ್ಗಿತು. ಮರುವರ್ಷ ಮೇ ತಿಂಗಳಲ್ಲಿ ಬೀಜಿಂಗ್‌ನಲ್ಲಿ ಹದಿನೇಳು ಅಂಶಗಳ ಒಪ್ಪಂದಕ್ಕೆ ಸಹಿ ಬಿತ್ತು. ಟಿಬೆಟ್ ಚೀನಾದ ಭಾಗ, ಆದರೆ ಅಲ್ಲಿನ ಧರ್ಮ ಮತ್ತು ಆಡಳಿತವನ್ನು ಮುಟ್ಟುವುದಿಲ್ಲ ಎಂಬುದು ಅದರ ತಿರುಳು. ಬಲವಂತದಿಂದ ಹಾಕಿಸಿಕೊಂಡ ಸಹಿ ಅದು ಎಂದು ದಲೈ ಲಾಮಾ ಮುಂದೆ ಅದನ್ನು ತಿರಸ್ಕರಿಸಿದರು.

ಆಗಿನ ಭಾರತಕ್ಕೆ ಚೀನಾದ ಸ್ನೇಹ ಬೇಕಿತ್ತು. 1954ರ ಏಪ್ರಿಲ್‌ನಲ್ಲಿ ಎರಡೂ ದೇಶಗಳು ಟಿಬೆಟ್ ವ್ಯಾಪಾರದ ಒಪ್ಪಂದ ಮಾಡಿಕೊಂಡವು. ನಾವು ಶಾಲೆಯಲ್ಲಿ ಓದಿದ ಪಂಚಶೀಲ ತತ್ವಗಳು ಇರುವುದು ಅದರಲ್ಲೇ. ಟಿಬೆಟ್ ಚೀನಾದ ಪ್ರದೇಶ ಎಂದು ಭಾರತ ಬರೆದುಕೊಟ್ಟಿದ್ದೂ ಅದೇ ಕಾಗದದಲ್ಲಿ. 1956ರ ಕೊನೆಗೆ ಬುದ್ಧ ಜಯಂತಿಗೆಂದು ದಲೈ ಲಾಮಾ ಭಾರತಕ್ಕೆ ಬಂದರು. ಇಲ್ಲೇ ಉಳಿದುಬಿಡಲೇ ಎಂದು ನೆಹರೂ ಅವರ ಬಳಿ ಕೇಳಿದರು. ನೆಹರೂ ಒಪ್ಪಲಿಲ್ಲ. ಚೀನಾದ ಪ್ರಧಾನಿ ಚೌ ಎನ್‌ಲೈ ಕೊಟ್ಟ ಮಾತನ್ನು ನಂಬಿ, ವಾಪಸ್ ಹೋಗಿ ಎಂದು ಬುದ್ಧಿ ಹೇಳಿದರು. 1957ರಲ್ಲಿ ಅವರು ಮರಳಿದರು. ಒಂದು ಸಲ ಹಿಂದಕ್ಕೆ ಕಳಿಸಿದ ನೆನಪು ನೆಹರೂ ಅವರನ್ನು ಕಾಡಿರಬೇಕು ಎಂದು ನನಗೆ ಅನ್ನಿಸುತ್ತದೆ. ಎರಡೇ ವರ್ಷಕ್ಕೆ ಅದೇ ಪ್ರಶ್ನೆ ಮತ್ತೆ ಬಾಗಿಲಿಗೆ ಬಂದಾಗ ಅವರು ತಡಮಾಡಲಿಲ್ಲ.

1959ರ ಮಾರ್ಚ್ 10ರಂದು ಲಾಸಾದ ಜನ ದಂಗೆ ಎದ್ದರು. 17ರ ರಾತ್ರಿ ದಲೈ ಲಾಮಾ ಸಾಮಾನ್ಯ ಸೈನಿಕನ ವೇಷದಲ್ಲಿ ನಾರ್ಬುಲಿಂಗ್ಕಾ ಅರಮನೆ ಬಿಟ್ಟರು. ಆಗ ಅವರಿಗೆ ಇಪ್ಪತ್ಮೂರು ವರ್ಷ. ಮೂರು ದಿನಕ್ಕೆ ಆ ಅರಮನೆಯ ಮೇಲೆ ಶೆಲ್ ಬಿದ್ದವು. ಎರಡು ವಾರ ಬೆಟ್ಟ ಹತ್ತಿಳಿದು, ಮಾರ್ಚ್ 31ರಂದು ಅವರು ತವಾಂಗ್ ಕಡೆಯಿಂದ ಗಡಿ ದಾಟಿದರು. ಕುದುರೆ ಏರುವಷ್ಟೂ ತ್ರಾಣ ಇರಲಿಲ್ಲ. ಆಮಶಂಕೆಯಿಂದ ಬಳಲಿ, ಯಾಕ್ ಮಿಶ್ರತಳಿಯ ಜಾನುವಾರಿನ ಬೆನ್ನ ಮೇಲೆ ಕೂತು ಬಂದರು. ಏಪ್ರಿಲ್ 3ರಂದು ನೆಹರೂ ಆಶ್ರಯ ಕೊಟ್ಟಿರುವುದನ್ನು ಸಂಸತ್ತಿಗೆ ತಿಳಿಸಿದರು. ಆಶ್ರಯ ಕೊಟ್ಟರೂ, ದೇಶ ಬಿಟ್ಟು ಬಂದ ದಲೈ ಲಾಮಾ ಅವರ ಸರ್ಕಾರವನ್ನು ಭಾರತ ಮಾನ್ಯ ಮಾಡಲಿಲ್ಲ. ಇಲ್ಲಿ ಕೂತು ಚೀನಾ ವಿರುದ್ಧ ರಾಜಕೀಯ ಮಾಡಬಾರದು ಎಂಬ ಷರತ್ತೂ ಜೊತೆಗಿತ್ತು.

ದಲೈ ಲಾಮಾ ಹಿಂದೆಯೇ ಸುಮಾರು 80,000 ಜನ ಬಂದರು. ಅಸ್ಸಾಮಿನ ಮಿಸಾಮಾರಿಯಲ್ಲಿ ಬಿದಿರಿನ ಶೆಡ್ ಹಾಕಿ ಇಳಿಸಿದರು. ಹಿಮದಲ್ಲಿ ಬೆಳೆದವರಿಗೆ ಅಲ್ಲಿನ ಸೆಕೆ ತಡೆಯಲಿಲ್ಲ. ಬಹಳ ಜನ ಕಾಯಿಲೆಯಿಂದ ಸತ್ತರು. ಸುಮಾರು 1,500 ಭಿಕ್ಷುಗಳನ್ನು ಬಂಗಾಳದ ಬಕ್ಸಾ ಕೋಟೆಗೆ ಕಳಿಸಿದರು. ಸ್ವಾತಂತ್ರ್ಯ ಹೋರಾಟಗಾರರನ್ನು ಬ್ರಿಟಿಷರು ಕೂಡಿಹಾಕಿದ್ದ ಜೈಲು ಅದು. ಅಲ್ಲಿ ಹತ್ತು ವರ್ಷ ಓದು, ಪಾಠ, ಶಾಸ್ತ್ರ ಚರ್ಚೆ ನಡೆದವು. ಅದರ ನಡುವೆಯೇ ಕ್ಷಯ ಒಬ್ಬೊಬ್ಬರನ್ನಾಗಿ ತಿಂದಿತು. ಉಳಿದ ಸಾವಿರಾರು ಜನ, ಗಂಡಸರು ಹೆಂಗಸರು ಎನ್ನದೆ, ಹಿಮಾಚಲ ಮತ್ತು ಸಿಕ್ಕಿಂ ಬೆಟ್ಟಗಳಲ್ಲಿ ರಸ್ತೆ ಕಡಿಯುವ ಕೂಲಿಗೆ ನಿಂತರು.

ಹೀಗೇ ಬಿಟ್ಟರೆ ಒಂದು ಜನಾಂಗ ಚದುರಿಹೋಗುತ್ತದೆ ಎಂದು ದಲೈ ಲಾಮಾ ಹೆದರಿದರು. ಎಲ್ಲರೂ ಒಟ್ಟಿಗೆ ಇರುವಂಥ ಜಮೀನು ಬೇಕು ಎಂದರು. ನೆಹರೂ ರಾಜ್ಯಗಳಿಗೆ ಕಾಗದ ಬರೆದರು. ಬೇರೆ ರಾಜ್ಯಗಳಿಗಿಂತ ಜಾಸ್ತಿ ಜಮೀನು ಕೊಟ್ಟಿದ್ದು ನಮ್ಮ ಮೈಸೂರು ರಾಜ್ಯ.

ಇಲ್ಲಿ ಒಂದು ಮಾತು. ದಲೈ ಲಾಮಾ ಕರ್ನಾಟಕಕ್ಕೆ ಬಂದಾಗಲೆಲ್ಲ ಎಸ್. ನಿಜಲಿಂಗಪ್ಪನವರನ್ನು ನೆನೆದು ಕೃತಜ್ಞತೆ ಹೇಳುತ್ತಾ ಬಂದಿದ್ದಾರೆ. ಅದು ಸಲ್ಲಬೇಕಾದ ಗೌರವವೇ. ಆದರೆ 1960ರ ಕೊನೆಗೆ ಮೊದಲ ತಂಡ ಬೈಲಕುಪ್ಪೆಗೆ ಬಂದಾಗ ಮುಖ್ಯಮಂತ್ರಿ ಆಗಿದ್ದವರು ಬಿ.ಡಿ. ಜತ್ತಿ. ನಿಜಲಿಂಗಪ್ಪ 1962ರಲ್ಲಿ ಮತ್ತೆ ಅಧಿಕಾರಕ್ಕೆ ಬಂದರು. ಉತ್ತರ ಕನ್ನಡದ ಮುಂಡಗೋಡಿನ ವಸಾಹತು ಶುರುವಾಗಿದ್ದು 1966ರಲ್ಲಿ, ಅವರ ಕಾಲದಲ್ಲಿ. ಜತ್ತಿಯವರ ಹೆಸರನ್ನೂ ನಾವು ಮರೆಯಬಾರದು.

ಬೈಲಕುಪ್ಪೆಯಲ್ಲಿ ಕೊಟ್ಟಿದ್ದು ಸುಮಾರು 3,000 ಎಕರೆ. ಜಮೀನು ಎಂದರೆ ಉತ್ತು ಬಿತ್ತುವ ಹೊಲವಲ್ಲ, ಕಾಡು. ಬಂದವರು ಗುಡಾರ ಹಾಕಿಕೊಂಡು ಮರ ಕಡಿದರು, ಪೊದೆಗೆ ಬೆಂಕಿ ಇಟ್ಟರು. ರಾತ್ರಿ ಆನೆ ಬರುತ್ತಿತ್ತು. ಮಳೆ ನಂಬಿ ಬೇಸಾಯ ಮಾಡುವುದು ಆ ದನಗಾಹಿ ಜನಕ್ಕೆ ಗೊತ್ತಿರಲಿಲ್ಲ. ಅಕ್ಕಪಕ್ಕದ ಹಳ್ಳಿಯವರನ್ನು ನೋಡಿ, ಕೇಳಿ ಕಲಿತರು. ಮುಸುಕಿನ ಜೋಳ ಕೈಹಿಡಿಯಿತು. ಆಮೇಲೆ ಅಲ್ಲೇ ಇನ್ನೊಂದು ವಸಾಹತು, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯ. ರಾಜ್ಯದಲ್ಲಿ ಒಟ್ಟು ಐದು.

ಬಕ್ಸಾದಲ್ಲಿ ಬದುಕುಳಿದ ಭಿಕ್ಷುಗಳು 1969ರಿಂದ ಇಲ್ಲಿಗೆ ಬಂದರು. ಲಾಸಾದ ಮೂರು ದೊಡ್ಡ ಮಠಗಳಲ್ಲಿ ಸೆರಾ ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂಡೆನ್ ಮುಂಡಗೋಡಿನಲ್ಲಿ ಮತ್ತೆ ತಲೆ ಎತ್ತಿದವು. ಡ್ರೆಪುಂಗ್‌ನಲ್ಲಿ 7,700 ಭಿಕ್ಷುಗಳು ಎನ್ನುವುದು ಟಿಬೆಟ್‌ನ ಹಳೆಯ ಲೆಕ್ಕ. ಅಂಥ ವಿದ್ಯಾಪೀಠದ ಪಾಠ ಇವತ್ತು ನಡೆಯುತ್ತಿರುವುದು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿ. ಇದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಈ ಕೊಡುಕೊಳ್ಳುವಿಕೆ ಒಂದೇ ಕಡೆಯದ್ದಾಗಿರಲಿಲ್ಲ. ಮೈರಾಡಾ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಟಿಬೆಟಿಯನ್ನರ ಪುನರ್ವಸತಿಗಾಗಿ. ಅದೇ ಸಂಸ್ಥೆ ಮುಂದೆ ಕರ್ನಾಟಕದ ಹಳ್ಳಿಗಳಲ್ಲಿ ಸ್ವಸಹಾಯ ಸಂಘಗಳನ್ನು ಕಟ್ಟುವ ಕೆಲಸದಲ್ಲಿ ಮೊದಲಿಗರ ಸಾಲಿನಲ್ಲಿ ನಿಂತಿತು. ಚಳಿಗಾಲದಲ್ಲಿ ನಮ್ಮ ಊರುಗಳ ರಸ್ತೆಬದಿಯಲ್ಲಿ ಸ್ವೆಟರ್ ಹರಡಿಕೊಂಡು ಕೂರುವ ಟಿಬೆಟಿಯನ್ ಅಮ್ಮಂದಿರು ಗೊತ್ತಲ್ಲ? ಹೊಲದ ಬೆಳೆ ಸಾಲದೆ ಕಂಡುಕೊಂಡ ದಾರಿ ಅದು. ಸ್ವೆಟರ್ ಬರುವುದು ಹೆಚ್ಚಾಗಿ ಲೂಧಿಯಾನದಿಂದ.

ಇಷ್ಟೆಲ್ಲ ಮಾಡಿದ ದೇಶದಲ್ಲಿ ನಿರಾಶ್ರಿತರಿಗೆಂದೇ ಒಂದು ಕಾನೂನು ಇಲ್ಲ. ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಪ್ಪಂದವಾಗಲಿ, 1967ರ ಅದರ ಮುಂದುವರಿಕೆಯಾಗಲಿ, ಭಾರತ ಸಹಿ ಹಾಕಿಲ್ಲ. ಜನಾಂಗ, ಧರ್ಮ, ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳಕ್ಕೆ ಹೆದರಿ ಬಂದವರನ್ನು ಅಪಾಯ ಇರುವ ಜಾಗಕ್ಕೆ ವಾಪಸ್ ದಬ್ಬಬಾರದು ಎನ್ನುತ್ತದೆ ಆ ಒಪ್ಪಂದ. ನಮ್ಮಲ್ಲಿ 1946ರ ವಿದೇಶಿಯರ ಕಾಯ್ದೆ ಇತ್ತು. 2025ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು. ಪ್ರವಾಸಕ್ಕೆ ಬಂದವರು, ಪ್ರಾಣ ಉಳಿಸಿಕೊಳ್ಳಲು ಬಂದವರು, ಇಬ್ಬರೂ ಅದರ ಲೆಕ್ಕದಲ್ಲಿ ವಿದೇಶಿಯರೇ.

ಹಾಗಾಗಿ ಯಾರಿಗೆ ಏನು ಸಿಗುತ್ತದೆ ಎನ್ನುವುದು ಆಯಾ ಕಾಲದ ಸರ್ಕಾರದ ಮನಸ್ಸಿಗೆ ಬಿಟ್ಟಿದ್ದು. ಟಿಬೆಟಿಯನ್ನರಿಗೆ ಜಮೀನು, ಶಾಲೆ, ಗುರುತಿನ ಕಾಗದ ಸಿಕ್ಕಿತು. 1983ರ ನಂತರ ಬಂದ ಶ್ರೀಲಂಕಾ ತಮಿಳರಿಗೆ ತಮಿಳುನಾಡಿನಲ್ಲಿ ಶಿಬಿರ ಸಿಕ್ಕಿತು. ಈಗಿನ ಬಾಂಗ್ಲಾದೇಶದಿಂದ ಬಂದು ಅರುಣಾಚಲದಲ್ಲಿ ನೆಲೆಸಿದ ಚಕ್ಮಾ ಜನರ ಜೀವದ ಹಕ್ಕನ್ನು 1996ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2021ರಲ್ಲಿ, ಮ್ಯಾನ್ಮಾರ್‌ನಿಂದ ಬಂದು ಜಮ್ಮುವಿನಲ್ಲಿದ್ದ ರೋಹಿಂಗ್ಯಾಗಳ ವಿಷಯದಲ್ಲಿ ಅದೇ ಕೋರ್ಟ್, ಗಡೀಪಾರು ಆಗದೆ ಉಳಿಯುವ ಹಕ್ಕು ನಾಗರಿಕರಿಗೆ ಮಾತ್ರ ಎಂದಿತು. 2019ರ ಪೌರತ್ವ ತಿದ್ದುಪಡಿ ಕಾಯ್ದೆಯಲ್ಲಿ ಬೌದ್ಧರ ಹೆಸರು ಇದೆ. ಆದರೆ ಅದು ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ ಬಂದವರಿಗೆ ಮಾತ್ರ. ಟಿಬೆಟ್ ಆ ಪಟ್ಟಿಯಲ್ಲಿಲ್ಲ. ಅಂದು ತೋರಿದ ಔದಾರ್ಯ ದೊಡ್ಡದು, ನಿಜ. ಅದನ್ನು ಹಕ್ಕಾಗಿ ಬರೆದುಕೊಡಲಿಲ್ಲ ಎಂಬುದೇ ನನ್ನ ಸಂಕಟ.

ಟಿಬೆಟಿಯನ್ನರ ಕೈಯಲ್ಲಿರುವುದು ಆರ್‌ಸಿ, ಅಂದರೆ ನೋಂದಣಿ ಪತ್ರ. ಮೊದಲು ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು, ಈಗ ಬಹುತೇಕರಿಗೆ ಐದು ವರ್ಷಕ್ಕೊಮ್ಮೆ. ವಿದೇಶಕ್ಕೆ ಹೋಗಲು ‘ಹಳದಿ ಪುಸ್ತಕ’ ಎಂದು ಅವರು ಕರೆಯುವ ಗುರುತಿನ ಪತ್ರ ಬೇಕು. ಜಮೀನು ಗುತ್ತಿಗೆಯದ್ದು, ಸ್ವಂತದ್ದಲ್ಲ. ಈ ಅನಿಶ್ಚಿತತೆಗೆ ಬೇಸತ್ತ ಯುವಕರು ಅಮೆರಿಕ, ಕೆನಡಾ, ಯುರೋಪಿಗೆ ಹೊರಟುಹೋಗುತ್ತಿದ್ದಾರೆ. ಹೊಸಬರು ಬರುತ್ತಿಲ್ಲ. 2008ರ ಪ್ರತಿಭಟನೆಗಳ ನಂತರ ಚೀನಾ ಗಡಿಯನ್ನು ಬಿಗಿ ಮಾಡಿತು. ಅದಕ್ಕೂ ಮುಂಚೆ ವರ್ಷಕ್ಕೆ ಎರಡು ಮೂರು ಸಾವಿರ ಜನ ಬರುತ್ತಿದ್ದರು.

ಹಾಗಾದರೆ ಪೌರತ್ವ? ನಮ್ಮ ಕಾನೂನಿನ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಟಿಬೆಟಿಯನ್ನರಿಗೆ ಇದನ್ನು ಯಾರೂ ಅನ್ವಯಿಸಿರಲಿಲ್ಲ. 1986ರಲ್ಲಿ ಹಿಮಾಚಲದಲ್ಲಿ ಹುಟ್ಟಿದ್ದ ಯುವತಿಯೊಬ್ಬರು ಪಾಸ್‌ಪೋರ್ಟ್ ಸಿಗದೆ ಕೋರ್ಟಿಗೆ ಹೋದರು. ದೆಹಲಿ ಹೈಕೋರ್ಟ್ 2010ರ ಡಿಸೆಂಬರ್‌ನಲ್ಲಿ ಅವರ ಪರ ತೀರ್ಪು ಕೊಟ್ಟಿತು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಅದೇ ಮಾತು ಹೇಳಿತು. 2014ರಲ್ಲಿ ಚುನಾವಣಾ ಆಯೋಗ ಅಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಹೇಳಿತು. ಮತ ಹಾಕಿದರೆ ಟಿಬೆಟ್‌ನ ಹೋರಾಟ ಬಿಟ್ಟಂತೆಯೇ ಎಂಬ ಚರ್ಚೆ ಆಗ ಮನೆಮನೆಯಲ್ಲೂ ಎದ್ದಿತು.

1987ರ ಜುಲೈ ನಂತರ ಹುಟ್ಟಿದವರಿಗೆ, ತಂದೆತಾಯಿಯರಲ್ಲಿ ಯಾರೂ ಭಾರತೀಯರಾಗಿರದಿದ್ದರೆ, ಈ ಬಾಗಿಲು ಇಲ್ಲ. ಬಾಗಿಲು ತೆರೆದಿರುವವರಿಗೂ 2017ರಲ್ಲಿ ಪಾಸ್‌ಪೋರ್ಟ್ ಜೊತೆಗೆ ಷರತ್ತುಗಳು ಬಂದವು. ಆರ್‌ಸಿಯನ್ನೂ ಹಳದಿ ಪುಸ್ತಕವನ್ನೂ ರದ್ದು ಮಾಡಿಸಬೇಕಿತ್ತು. ನಿರಾಶ್ರಿತರೆಂದು ಸಿಗುತ್ತಿದ್ದ ಸೌಲಭ್ಯ ಬಿಡಬೇಕಿತ್ತು. ಮತ್ತು ನಿರಾಶ್ರಿತರ ವಸಾಹತಿನಲ್ಲಿ ವಾಸವಿಲ್ಲ ಎಂದು ಬರೆದುಕೊಡಬೇಕಿತ್ತು. ಅಂದರೆ ಬೈಲಕುಪ್ಪೆಯಲ್ಲಿ ಹುಟ್ಟಿದವರೊಬ್ಬರು ಭಾರತೀಯರಾಗಬೇಕಾದರೆ, ಭಾರತ ಅವರ ಅಜ್ಜನಿಗೆ ಕೊಟ್ಟ ಆ ಕ್ಯಾಂಪಿನ ಮನೆಯಿಂದ ಮೊದಲು ಹೊರಗೆ ಬರಬೇಕಿತ್ತು.