ವಾರ್ನಿಶ್ ಹಚ್ಚಿದ ಮಾತ್ರಕ್ಕೆ ಮರ ಒಣಗುವುದಿಲ್ಲ

ಮೇ ತಿಂಗಳಲ್ಲಿ ಬೆಂಗಳೂರಿನ ಮಕ್ಕಳು ಊರಿಗೆ ಬರುತ್ತಾರೆ. ಅಟ್ಟ ಹತ್ತುತ್ತಾರೆ. ಅಜ್ಜನ ಲೆಕ್ಕದ ಪೆಟ್ಟಿಗೆ, ಮೂಲೆ ಮುರಿದ ಚನ್ನೆಮಣೆ, ಬೀಗ ಕಳೆದ ಟ್ರಂಕು, ಗಾಜು ಒಡೆದ ಲಾಟೀನು ಎಲ್ಲ ಕೆಳಗಿಳಿಯುತ್ತವೆ. ಇವನ್ನೆಲ್ಲ ಸೇರಿಸಿ ಗೋಡೆಗೆ ಹಾಕುವ ಹಾಗೆ ಏನಾದರೂ ಮಾಡಿಕೊಡಿ ಅಂತ ನನ್ನ ಹತ್ತಿರ ತರುವಷ್ಟರಲ್ಲಿ ಜೂನ್ ಮುಗಿಯುತ್ತಾ ಬಂದಿರುತ್ತದೆ. ಹೊರಗೆ ಆರಿದ್ರಾ ಮಳೆ ಹೊಡೆಯುತ್ತಿರುತ್ತದೆ. ಸಾಮಾನು ಮಾತ್ರ ಫಳಫಳ. ತರುವ ಮೊದಲು ತೊಳೆದು, ಉಜ್ಜಿ, ಮಾರನೇ ದಿನವೇ ವಾರ್ನಿಶ್ ಹಚ್ಚಿರುತ್ತಾರೆ. "ಹಾಳಾಗಬಾರ್ದಲ್ವಾ ಅಕ್ಕಾ, ಅದಕ್ಕೆ!"

ಅದರಿಂದಲೇ ಹಾಳಾಗುವುದು ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ. ಅದಕ್ಕೇ ಬರೆದುಬಿಡೋಣ ಅಂತ ಕೂತೆ.

ಶಿವಮೊಗ್ಗದಲ್ಲಿ ಹಳೇ ಸಾಮಾನಿನಿಂದ ಅಲಂಕಾರದ ವಸ್ತು ಮಾಡುವುದು ನನ್ನ ಕಸುಬು. ಮರ, ಲೋಹ, ಕಾಗದ, ಬಟ್ಟೆ, ಬಣ್ಣ ಎಲ್ಲ ಒಂದೇ ಚೌಕಟ್ಟಿನಲ್ಲಿ ಕೂರಬೇಕು, ನೋಡಿದರೆ ಹಳೇ ಕಾಲದ್ದು ಅನ್ನಿಸಬೇಕು. ಯಾವುದರ ಪಕ್ಕ ಯಾವುದು ಚಂದ, ಯಾವ ಬಣ್ಣ ಹೊಂದುತ್ತದೆ ಅನ್ನುವುದನ್ನೆಲ್ಲ ನಾನು ಇಲ್ಲಿ ಹೇಳುವುದಿಲ್ಲ. ಅದು ಮಾಡ್ತಾ ಮಾಡ್ತಾ ಕಣ್ಣಿಗೇ ಗೊತ್ತಾಗುತ್ತದೆ. ಗೊತ್ತಾಗದೇ ಇರುವುದು ಒಳಗಿನ ತೇವ.

ಕಡಿದು ನೂರು ವರ್ಷವಾದ ಮರವೂ ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ, ಮತ್ತೆ ಬಿಡುತ್ತದೆ. ಗಾಳಿಯ ತೇವಾಂಶ ಶೇ 50 ಇದ್ದಾಗ ಮರದೊಳಗಿನ ತೇವ ಅದರ ಒಣ ತೂಕದ ಶೇ 9ರ ಆಸುಪಾಸು ಬಂದು ನಿಲ್ಲುತ್ತದೆ. ಗಾಳಿ ಶೇ 90ಕ್ಕೆ ಏರಿದರೆ ಮರ ಶೇ 20ರ ಹತ್ತಿರ ಹೋಗುತ್ತದೆ. ಮರವನ್ನೇ ತಿನ್ನುವ ಶಿಲೀಂಧ್ರಕ್ಕೆ ಜಾಗ ಸಿಗುವುದು ಸುಮಾರು ಅಲ್ಲಿಂದ ಮೇಲೆ. ಮೇಲ್ಮೈಗೆ ಬೂಷ್ಟು ಹಿಡಿಯಲು ಅಷ್ಟೂ ಬೇಡ.

ಈಗ ವಾರ್ನಿಶ್ ವಿಷಯಕ್ಕೆ ಬನ್ನಿ. ಅದು ತೇವವನ್ನು ಪೂರ್ತಿ ತಡೆಯುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೇ. ಒಳಗೆ ಬರುವುದನ್ನೂ ನಿಧಾನ ಮಾಡುತ್ತದೆ, ಹೊರಗೆ ಹೋಗುವುದನ್ನೂ ನಿಧಾನ ಮಾಡುತ್ತದೆ. ಒಣ ಮರಕ್ಕೆ ಹಚ್ಚಿದರೆ ಒಣಗಿದ್ದನ್ನು ಕಾಪಾಡುತ್ತದೆ. ಒದ್ದೆ ಮರಕ್ಕೆ ಹಚ್ಚಿದರೆ ಒದ್ದೆಯನ್ನೇ ಕಾಪಾಡುತ್ತದೆ. ಅಡಿಕೆ ತೋಟದವರಿಗೆ ಇದನ್ನು ನಾನು ಹೇಳಿಕೊಡಬೇಕಾ? ಅರೆ ಒಣಗಿದ ಅಡಿಕೆಯನ್ನು ಮೂಟೆ ಕಟ್ಟಿ ಬಾಯಿ ಹೊಲಿದರೆ ಒಳಗೆ ಏನಾಗುತ್ತದೆ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅದೇ ಜನ ಲೆಕ್ಕದ ಪೆಟ್ಟಿಗೆಯನ್ನು ಬಚ್ಚಲಲ್ಲಿ ಬ್ರಷ್ ಹಾಕಿ ತಿಕ್ಕಿ, ಸಂಜೆಗೆ ಡಬ್ಬಿ ತೆರೆದು ಬಳಿದುಬಿಡುತ್ತಾರೆ!

ಹೊಸನಗರದ ಕಡೆಯ ಒಬ್ಬರು ದೊಡ್ಡಮ್ಮ ಹೀಗೇ ಒಂದು ಪೆಟ್ಟಿಗೆ ತಂದರು. ಒಳಗೆ ಯಜಮಾನರ ಫೋಟೋ, ಅಡಕತ್ತರಿ, ಒಂದು ಗೊಂಚಲು ಕೀಲಿಕೈ, ಹಿಂದುಗಡೆ ಹಳೇ ಲೆಕ್ಕದ ಹಾಳೆ ಕಾಣುವ ಹಾಗೆ ಮಾಡಿ ಗಾಜು ಹಾಕಿಕೊಡಬೇಕು ಅಂದರು. ಮುಚ್ಚಳದ ಮೇಲೆ ಬೆಳ್ಳಗೆ ಮಂಜು ಕೂತ ಹಾಗಿತ್ತು. ಎಷ್ಟು ಒರೆಸಿದರೂ ಹೋಗುತ್ತಿಲ್ಲ ಅಂತ ಅವರ ಗೋಳು. ಅದು ಮೇಲೆ ಕೂತದ್ದಲ್ಲ, ಪದರದೊಳಗೆ ಸಿಕ್ಕಿಕೊಂಡ ನೀರು. ಅವರು ಹಚ್ಚಿಸಿದ್ದು ಫ್ರೆಂಚ್ ಪಾಲಿಶ್, ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಮಳೆಗಾಲದ ಗಾಳಿಯ ತೇವ ಅಲ್ಲೇ ಹನಿಗಟ್ಟಿ ಪದರದಲ್ಲಿ ಉಳಿದುಬಿಡುತ್ತದೆ. ಪಾಲಿಶ್ ತೆಗೆದು ಒಣಗಿಸಬೇಕು ಅಂದೆ.

"ಅಲ್ಲಾ ಮಾರಾಯ್ತಿ, ದುಡ್ಡು ಕೊಟ್ಟು ಹಚ್ಚಿಸಿದ್ದನ್ನ ತೆಗೀಬೇಕು ಅಂತೀಯಲ್ಲ!"

"ಹೌದು ದೊಡ್ಡಮ್ಮಾ. ಈಗ ತೆಗೆಯದಿದ್ದರೆ ಗಾಜು ಹಾಕಿದ ಮೇಲೆ ಫೋಟೋಗೆ ಬೂಷ್ಟು ಬರ್ತದೆ."

ಯಜಮಾನರ ಫೋಟೋ ಅಂದಕೂಡಲೇ ಒಪ್ಪಿದರು. ಮರುದಿನದಿಂದ ಮಗನ ಕೈಲಿ ದಿನಾ ಫೋನ್ ಮಾಡಿಸುತ್ತಿದ್ದರು, "ಒಣಗಿತಾ?" ಅಂತ. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗುವುದಿಲ್ಲ. ಮಗನ ಮೇಲೆ ಸ್ವಲ್ಪ ಮಾಡಿಕೊಂಡೆ.

ಒಣಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಕೈಯಿಂದ ಮುಟ್ಟಿ ನೋಡುವುದು ಸುಳ್ಳು. ತೂಗಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಎರಡು ಮೂರು ದಿನಕ್ಕೊಮ್ಮೆ ತೂಗಿ ಕ್ಯಾಲೆಂಡರಿನಲ್ಲಿ ಬರೆದಿಡಿ. ತೂಕ ಇಳಿಯುವುದು ನಿಲ್ಲುವ ತನಕ ಡಬ್ಬಿ ತೆರೆಯಬೇಡಿ.

ಇಲ್ಲೇ ಇನ್ನೊಂದು ತೊಡಕಿದೆ. ಇದನ್ನು ದಯವಿಟ್ಟು ಎರಡು ಸಲ ಓದಿ. ಮಳೆಗಾಲದಲ್ಲಿ ತೂಕ ನಿಂತರೆ ಮರ ಒಣಗಿದೆ ಅಂತ ಅರ್ಥವಲ್ಲ. ಮಳೆಗಾಲದ ಗಾಳಿಗೆ ಎಷ್ಟು ಸಾಧ್ಯವೋ ಅಷ್ಟು ಒಣಗಿದೆ ಅಂತ. ಗಾಳಿ ಶೇ 90 ಇದ್ದರೆ ಮರ ಶೇ 20ಕ್ಕೇ ನಿಲ್ಲುತ್ತದೆ, ಕೆಳಗಿಳಿಯುವುದಿಲ್ಲ. "ಹಗಲು ರಾತ್ರಿ ಫ್ಯಾನ್ ಹಾಕಿದ್ದೆ ಅಕ್ಕಾ" ಅನ್ನುತ್ತಾರೆ. ಮೇಲಿನ ನೀರು ಫ್ಯಾನಿಗೆ ಬೇಗ ಆರುತ್ತದೆ, ನಿಜ. ಆಮೇಲೆ ಅದು ತಿರುಗಿಸುವುದು ಅದೇ ಒದ್ದೆ ಗಾಳಿಯನ್ನು. ಬೇಕಾದದ್ದು ಸಣ್ಣ ಬಿಸಿ. ಗಾಳಿ ಬಿಸಿಯಾದರೆ ಅದರ ತೇವಾಂಶದ ಲೆಕ್ಕ ಕೆಳಗಿಳಿಯುತ್ತದೆ, ಮರ ಇನ್ನಷ್ಟು ತೇವ ಬಿಡುತ್ತದೆ. ನಾನು ಹಳೇ ಕಪಾಟಿನ ತಳದಲ್ಲಿ 60 ವಾಟ್‌ನ ಹಳೇ ಥರದ ಬಲ್ಬ್ ಉರಿಸುತ್ತೇನೆ, ಮೇಲೆ ಕೆಳಗೆ ತೂತು ಕೊರೆದಿದ್ದೇನೆ. ಎಲ್‌ಇಡಿ ಬಲ್ಬಿನಿಂದ ಏನೂ ಆಗುವುದಿಲ್ಲ, ಅದಕ್ಕೆ ಅಷ್ಟು ಬಿಸಿ ಇಲ್ಲ. ಕಾಗದ, ಬಟ್ಟೆ ಬಲ್ಬಿನ ಹತ್ತಿರ ಇಡಬೇಡಿ. ಮನೆಯಲ್ಲಿ ಯಾರೂ ಇಲ್ಲದಾಗ ಉರಿಸಬೇಡಿ.

ನಮ್ಮ ಹಿರಿಯರು ಇದನ್ನು ಲೆಕ್ಕವಿಲ್ಲದೆ ಮಾಡುತ್ತಿದ್ದರು. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟದ್ದಕ್ಕೆ ಬಿಸಿಯೂ ಸಿಗುತ್ತಿತ್ತು, ಹೊಗೆಯೂ ಸಿಗುತ್ತಿತ್ತು. ಮಸಿ ಹಿಡಿದ ಸಾಮಾನು ನನ್ನ ಕೈಗೆ ಬಂದರೆ ಖುಷಿ, ಸಾಧಾರಣವಾಗಿ ಒಳಗೆ ಗಟ್ಟಿಯಾಗಿರುತ್ತದೆ. ಗ್ಯಾಸ್ ಬಂದ ಮೇಲೆ ಅದೇ ಅಟ್ಟ ತಣ್ಣಗಾಗಿದೆ. ಮಸಿ ಅಸಹ್ಯ ಅಂತ ಉಜ್ಜಿ ತೆಗೆದು, ಆಮೇಲೆ "ಹಳೇ ಕಾಲದ್ದರ ಹಾಗೆ ಕಾಣಬೇಕು, ಸ್ವಲ್ಪ ಕಪ್ಪು ಮಾಡಿ" ಅಂತ ನನ್ನನ್ನೇ ಕೇಳುವವರಿದ್ದಾರೆ. ಅವರಿಗೆ ಏನು ಹೇಳಲಿ?

ಬೇಗ ಆಗಲಿ ಅಂತ ಸುಡುಬಿಸಿಲಿಗೂ ಇಡಬೇಡಿ. ಹೊರಮೈ ಮೊದಲು ಕುಗ್ಗುತ್ತದೆ, ಒಳಗಿನದು ಕುಗ್ಗಿರುವುದಿಲ್ಲ. ಸೀಳು ಬಿಡುತ್ತದೆ.

ಮರ ಒಣಗಿದರೆ ಉಳಿದ ಕೆಲಸ ಅರ್ಧ ಸುಲಭ. ಹಾಳೆಗೆ ಬಂದರೆ, ಮೂಲ ಹಾಳೆಯನ್ನು ಯಾವತ್ತೂ ಅಂಟಿಸಬೇಡಿ. ಲೇಸರ್ ಪ್ರಿಂಟ್ ತೆಗೆಸಿ ಅದನ್ನು ಅಂಟಿಸಿ. ಇಂಕ್‌ಜೆಟ್ ಪ್ರಿಂಟ್ ಆದರೆ ಫೆವಿಕಾಲ್‌ನ ನೀರು ತಾಗುತ್ತಲೇ ಬಣ್ಣ ಹರಡಬಹುದು. ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಆರಿಸಿದರೆ ಹಳದಿ ಬಣ್ಣ ಬರುತ್ತದೆ. ಅದಕ್ಕೂ ಲೇಸರ್ ಪ್ರಿಂಟೇ ಆಗಬೇಕು. ಕೆಲವರು ಮೈದಾ ಅಂಟು ಬಳಸುತ್ತಾರೆ. ಅದು ಬೂಷ್ಟಿಗೂ ಬೆಳ್ಳಿಹುಳಕ್ಕೂ ಊಟ. ಇವು ಬಾರದಿರಲಿ ಅಂತ ಅಂಟಿಗೆ ಮೈಲುತುತ್ತ (ಕಾಪರ್ ಸಲ್ಫೇಟ್) ಸೇರಿಸುವ ರೂಢಿ ಪುಸ್ತಕ ಕಟ್ಟುವವರಲ್ಲಿತ್ತು. ತೋಟಕ್ಕೆ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣ ಕಲಸಿದ ಔಷಧಿ, ಹೊಡೆಯುವ ಮನೆಯಲ್ಲಿ ಮೈಲುತುತ್ತಕ್ಕೆ ಬರವಿಲ್ಲ. ಆದರೆ ಅದು ವಿಷ. ಚಿಕ್ಕ ಮಕ್ಕಳಿರುವ ಮನೆಗೆ ನಾನು ಬಳಸುವುದಿಲ್ಲ.

ಹಿತ್ತಾಳೆ ಕೀಲಿಕೈಯನ್ನು ಗಾಜಿಗೆ ಫೆವಿಕಾಲ್ ಹಾಕಿ ಅಂಟಿಸುವವರೂ ಇದ್ದಾರೆ. ಬಿಳಿ ಅಂಟು ಗಟ್ಟಿಯಾಗುವುದು ನೀರು ಬಿಟ್ಟುಕೊಟ್ಟು. ಎರಡೂ ಕಡೆ ನೀರು ಹೀರದ ವಸ್ತುವಿದ್ದರೆ ಆ ನೀರು ಎಲ್ಲಿಗೆ ಹೋಗಬೇಕು? ಎರಡು ಟ್ಯೂಬ್ ಕಲಸಿ ಹಾಕುವ ಎಪಾಕ್ಸಿ ಆಗಬಹುದು. ನನಗಂತೂ ತಾಮ್ರದ ತಂತಿಯಲ್ಲಿ ಕಟ್ಟುವುದೇ ಇಷ್ಟ. ಬೇಕಾದಾಗ ಬಿಚ್ಚಬಹುದು.

ಬಣ್ಣ ಬಿರುಕು ಬಿಟ್ಟ ಹಾಗೆ ಮಾಡಲು ಎರಡು ಬಣ್ಣದ ನಡುವೆ ಬಿಳಿ ಅಂಟು ಬಳಿಯುವ ಉಪಾಯ ಎಲ್ಲರಿಗೂ ಗೊತ್ತು. ಜುಲೈನಲ್ಲಿ ಮಾಡಿ "ಬಿರುಕೇ ಬರ್ಲಿಲ್ಲ" ಅನ್ನುತ್ತಾರೆ. ಮೇಲಿನ ಬಣ್ಣ ಬೇಗ ಆರಿದರೆ ತಾನೇ ಬಿರುಕು ಬರುವುದು!

ಕಬ್ಬಿಣದ ತುಕ್ಕನ್ನು ಪೂರ್ತಿ ತೆಗೆಯಬೇಕಾಗಿಲ್ಲ. ಉದುರುವುದನ್ನು ತಂತಿ ಬ್ರಷ್‌ನಲ್ಲಿ ತೆಗೆದು, ಅಳಲೆಕಾಯಿ ಕುದಿಸಿದ ನೀರನ್ನು ಬಳಿಯಿರಿ. ಅದರ ಒಗರು ತುಕ್ಕಿನ ಜೊತೆ ಸೇರಿ ನೀಲಿಗಪ್ಪಾಗುತ್ತದೆ. ಒಣಗಿದ ಮೇಲೆ ಕಬ್ಬಿಣವನ್ನು ಸ್ವಲ್ಪ ಬೆಚ್ಚಗೆ ಮಾಡಿ ಜೇನುಮೇಣ ಉಜ್ಜಿ. ಹಳೇ ಟ್ರಂಕಿನ ಬಣ್ಣವನ್ನು ಮಾತ್ರ ಒಣ ಮರಳು ಕಾಗದದಲ್ಲಿ ಉಜ್ಜಬೇಡಿ, ಹಳೇ ಬಣ್ಣಗಳಲ್ಲಿ ಸೀಸ ಇರಬಹುದು.

ಕೆಲವನ್ನು ನಾನು ಮುಟ್ಟುವುದೇ ಇಲ್ಲ. ಜಿಂಕೆ, ಕಡವೆ ಕೊಂಬು ತಂದರೆ ವಾಪಸ್. 1972ರ ವನ್ಯಜೀವಿ ಕಾಯ್ದೆ ಇದೆ, ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ. ತಾಳೆಗರಿ, ಕಡತ (ಹಿಂದಿನವರು ಬರೆಯುತ್ತಿದ್ದ ಕಪ್ಪು ಬಟ್ಟೆಯ ಪುಸ್ತಕ) ಕತ್ತರಿಸುವುದಿಲ್ಲ. ಒಬ್ಬ ಹುಡುಗ ಕಡತವೊಂದನ್ನು ತಂದು "ಕಪ್ಪು ಬಟ್ಟೆ ಇದು, ಬ್ಯಾಕ್‌ಗ್ರೌಂಡ್‌ಗೆ ಆಗುತ್ತೆ" ಅಂದ. ಹುಣಸೆಬೀಜದ ಅಂಟಿಗೆ ಇದ್ದಿಲು ಸೇರಿಸಿ ಬಳಿದ ಬಟ್ಟೆ, ಅದರ ಮೇಲೆ ಬಳಪದಲ್ಲಿ ಬರೆದ ಸಾಲುಗಳು ಇನ್ನೂ ಕಾಣುತ್ತಿದ್ದವು. ಹಸ್ತಪ್ರತಿ 75 ವರ್ಷ ದಾಟಿ ಚರಿತ್ರೆಯ ಬೆಲೆ ಇರುವಂಥದ್ದಾದರೆ ಪುರಾವಸ್ತು ಕಾಯ್ದೆಯೊಳಗೆ ಬರುತ್ತದೆ, ಉಳಿದ ವಸ್ತುಗಳಿಗೆ 100 ವರ್ಷ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತೋರಿಸು ಅಂತ ಕಳಿಸಿದೆ.

ಕೊನೆಗೆ ಗೋಡೆ. ಮಾರ್ಚ್‌ನಲ್ಲಿ ಶಿವಮೊಗ್ಗದಲ್ಲಿ ಮಾಡಿದ್ದು ಜುಲೈನಲ್ಲಿ ಆಗುಂಬೆಯ ಮನೆಯಲ್ಲಿರಬಹುದು. ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಹಲಗೆ ಅಡ್ಡಕ್ಕೆ ಉಬ್ಬಿಯೇ ಉಬ್ಬುತ್ತದೆ, ಉದ್ದಕ್ಕೆ ಉಬ್ಬುವುದು ಲೆಕ್ಕಕ್ಕಿಲ್ಲ. ಹಾಗಾಗಿ ಹಿಂದಿನ ಹಲಗೆಯನ್ನು ನಾಲ್ಕೂ ಕಡೆ ಅಂಟಿಸಬೇಡಿ. ಚೌಕಟ್ಟಿನಲ್ಲಿ ಗಾಡಿ, ಅಂದರೆ ಉದ್ದಕ್ಕೆ ಕಾಲುವೆಯಂಥ ಸಂದು, ಕೊರೆದು ಅದರಲ್ಲಿ ಕೂರಿಸಿ, ಅಡ್ಡಕ್ಕೆ ಸ್ವಲ್ಪ ಜಾಗ ಬಿಡಿ. ವಾರ್ನಿಶ್ ಹಚ್ಚುವುದಾದರೆ ಹಿಂದೆಯೂ ಹಚ್ಚಿ. ಮುಂದೆ ಮಾತ್ರ ಹಚ್ಚಿದರೆ ಹಿಂದಿನಿಂದ ತೇವ ಎಳೆದು ಹಲಗೆ ಬಾಗುತ್ತದೆ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ರಬ್ಬರ್ ತುಂಡು ಅಂಟಿಸಿ, ಗೋಡೆಗೂ ಅದಕ್ಕೂ ನಡುವೆ ಬೆರಳು ತೂರುವಷ್ಟು ಸಂದು ಇರಲಿ. ಬಚ್ಚಲಿನ ಆಚೆ ಬದಿಯ ಗೋಡೆಗಂತೂ ಬೇಡವೇ ಬೇಡ.

ಗೌರಿ ಹಬ್ಬಕ್ಕೆ ಬೇಕು ಅನ್ನುವವರು ಫೆಬ್ರುವರಿಯಲ್ಲೇ ತನ್ನಿ. ತೊಳೆಯಬೇಡಿ, ಧೂಳು ಕೊಡವಿ ಹಾಗೇ ತನ್ನಿ.